ತುಂಡು ಬಟ್ಟೆಯ ಕೋಟು, ನಾಚಿಕೆಪಡದ ಕರ್ತನು

ಯುವಜನರ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹರೂಪ
ವಾಕ್ಯಭಾಗ: ಆದಿಕಾಂಡ 37:1–11, 23–33, ಆದಿಕಾಂಡ 45:22, ಇಬ್ರಿಯರಿಗೆ 2:11

ಹಿಂದೆ ನಿಂತಿರೋರು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇದೆ. ಮೊದಲನೇ ಸಾಲಲ್ಲಿ ಕೂತರೆ ಯಾರೂ ಕಚ್ಚೋದಿಲ್ಲ. ಆಮೆನ್?

[ವಾಕ್ಯಭಾಗವನ್ನು ಓದಲಾಯಿತು.]

ಓದಿಕೊಟ್ಟ ಸಹೋದರಿಗೆ ವಂದನೆ. ದೇವರು ತನ್ನ ವಾಕ್ಯವನ್ನು ಆಶೀರ್ವದಿಸಲಿ.

ಇವತ್ತು ಒಂದು ಹಾಡಿನ ಬಗ್ಗೆ ಮಾತಾಡ್ತೀನಿ. ನಮ್ಮ ಸ್ತೋತ್ರಗೀತೆಗಳ ಪುಸ್ತಕದ ಹಾಡಲ್ಲ, ಒಂದು ಕಂಟ್ರಿ ಸಾಂಗ್. ಹಿರಿಯರ ಕಡೆ ನೋಡಬೇಡಿ, ಅವರಿಗೆ ಮೊದಲೇ ಹೇಳಿದ್ದೀನಿ. [ನಗು] ಪೌಲನು ಅಥೇನೆಯಲ್ಲಿ ನಿಂತು ಬೋಧಿಸುವಾಗ ಆ ಊರಿನವರು ಓದುತ್ತಿದ್ದ ಕವಿಗಳ ಮಾತನ್ನೇ ಎತ್ತಿಕೊಂಡು ಸುವಾರ್ತೆಗೆ ದಾರಿ ಮಾಡಿದನು. ಅಪೊಸ್ತಲರ ಕೃತ್ಯಗಳು 17ನೇ ಅಧ್ಯಾಯ, 28ನೇ ವಚನ. ಮನೆಗೆ ಹೋಗಿ ಓದಿಕೊಳ್ಳಿ.

ನಿಮ್ಮಲ್ಲಿ ಎಷ್ಟೋ ಜನ 2024ರಲ್ಲಿ ಬಿಯಾನ್ಸೆ ಹಾಡಿದ 'ಜೋಲೀನ್' ಕೇಳಿದ್ದೀರಿ. ನಿಮ್ಮ ಅಕ್ಕಂದಿರು ವಿಟ್ನಿ ಹ್ಯೂಸ್ಟನ್ ಹಾಡಿದ 'ಐ ವಿಲ್ ಆಲ್ವೇಸ್ ಲವ್ ಯೂ' ಕೇಳಿ ಅತ್ತಿದ್ದಾರೆ. ಎರಡನ್ನೂ ಬರೆದದ್ದು ಒಬ್ಬಳೇ ಹೆಣ್ಣುಮಗಳು, ಡಾಲಿ ಪಾರ್ಟನ್. ಆದರೆ ತಾನು ಬರೆದ ಹಾಡುಗಳಲ್ಲಿ ತನಗೆ ಅತ್ಯಂತ ಇಷ್ಟವಾದದ್ದು ಯಾವುದು ಅಂತ ಕೇಳಿದಾಗೆಲ್ಲ ಆಕೆ ಇವೆರಡನ್ನೂ ಹೇಳೋದಿಲ್ಲ. 1971ರ ಇನ್ನೊಂದು ಹಾಡನ್ನು ಹೇಳ್ತಾರೆ. ಅದರ ಹೆಸರು 'ಕೋಟ್ ಆಫ್ ಮೆನಿ ಕಲರ್ಸ್'. ಬಣ್ಣಬಣ್ಣದ ಕೋಟು. ಹೆಸರು ಕೇಳಿದ ಕೂಡಲೇ ಸಂಡೇ ಸ್ಕೂಲ್ ಮಕ್ಕಳು ಹೇಳಿಬಿಡ್ತಾರೆ, "ಪಾಸ್ಟರ್, ಅದು ಯೋಸೇಫನದ್ದು!" ಹೌದು, ಅವನದ್ದೇ.

ಆಕೆ ಹುಟ್ಟಿದ್ದು 1946ರ ಜನವರಿ 19ರಂದು, ಅಮೆರಿಕದ ಟೆನ್ನೆಸ್ಸೀ ರಾಜ್ಯದ ಸೆವಿಯರ್ ಕೌಂಟಿಯಲ್ಲಿ, ಸ್ಮೋಕಿ ಪರ್ವತಗಳ ನಡುವೆ. 12 ಮಕ್ಕಳಲ್ಲಿ ನಾಲ್ಕನೆಯವಳು. ಒಂದೇ ಕೋಣೆಯ ಮರದ ಮನೆ. ಅಪ್ಪ ರಾಬರ್ಟ್ ಲೀ ಪಾರ್ಟನ್ ಹೊಲದಲ್ಲಿ ದುಡಿಯುವ ಮನುಷ್ಯ. ಅವನಿಗೆ ಓದಲಿಕ್ಕೂ ಬರೆಯಲಿಕ್ಕೂ ಬರ್ತಾ ಇರಲಿಲ್ಲ. ಹೆರಿಗೆ ಮಾಡಿಸಿದ ಡಾಕ್ಟರಿಗೆ ಕೊಡಲು ಕೈಯಲ್ಲಿ ಕಾಸಿಲ್ಲದೆ ಒಂದು ಚೀಲ ಮೆಕ್ಕೆಜೋಳದ ಹಿಟ್ಟು ಕೊಟ್ಟನಂತೆ. ತಾಯಿಯ ಹೆಸರು ಏವಿ ಲೀ. ಆ ತಾಯಿಯ ತಂದೆ ಜೇಕ್ ಓವೆನ್ಸ್ ಯಾರು ಗೊತ್ತಾ? ಪೆಂಟೆಕೋಸ್ಟ್ ಸಭೆಯ ಬೋಧಕ. ಈ ಹುಡುಗಿ ಮೊದಲು ಹಾಡಿದ್ದು ಅಜ್ಜನ ಸಭೆಯಲ್ಲೇ. ಹಲ್ಲೆಲೂಯಾ!

ಹಾಡಿನ ಕಥೆ ಬಹಳ ಚಿಕ್ಕದು. ಚಳಿಗಾಲ ಬರ್ತಾ ಇದೆ, ಮಗಳಿಗೆ ಕೋಟಿಲ್ಲ. ಯಾರೋ ಕೊಟ್ಟ ಒಂದು ಪೆಟ್ಟಿಗೆ ತುಂಬ ಹಳೇ ಬಟ್ಟೆಯ ತುಂಡುಗಳಿವೆ. ಒಂದೊಂದು ತುಂಡು ಒಂದೊಂದು ಬಣ್ಣ, ಯಾವುದೂ ದೊಡ್ಡದಿಲ್ಲ. ಅಮ್ಮ ಅದನ್ನೇ ಜೋಡಿಸಿ ಕೋಟು ಹೊಲಿತಾಳೆ. ಹೊಲಿಯುತ್ತಾ ಹೊಲಿಯುತ್ತಾ ಮಗಳಿಗೆ ಯೋಸೇಫನ ಕಥೆ ಹೇಳ್ತಾಳೆ. ಮಗಳು ಆ ಕೋಟು ಹಾಕಿಕೊಂಡು ರಾಜಕುಮಾರಿ ಥರ ಶಾಲೆಗೆ ಹೋಗ್ತಾಳೆ. ಅಲ್ಲಿ ಮಕ್ಕಳು ನಗ್ತಾರೆ. ಅವಳು ಅಮ್ಮ ಹೇಳಿದ ಕಥೆ ಹೇಳಿ ಅವರಿಗೆ ಅರ್ಥ ಮಾಡಿಸೋಕೆ ನೋಡ್ತಾಳೆ, ಅವರಿಗೆ ಅರ್ಥ ಆಗೋದಿಲ್ಲ. ಹಾಡು ಅಷ್ಟೇ.

ಇದನ್ನು ಬರೆದದ್ದು 1969ರಲ್ಲಿ, ಕಾರ್ಯಕ್ರಮಗಳಿಗೆ ಊರೂರು ಸುತ್ತುತ್ತಿದ್ದ ಬಸ್ಸಿನಲ್ಲಿ. ಹಾಡು ಬಂದಾಗ ಕೈಗೆ ಕಾಗದ ಸಿಗಲಿಲ್ಲ. ಜೊತೆಯಲ್ಲಿದ್ದ ಪ್ರಸಿದ್ಧ ಗಾಯಕ ಪೋರ್ಟರ್ ವ್ಯಾಗನರ್ ಅವರ ಬಟ್ಟೆಗಳ ಡ್ರೈ ಕ್ಲೀನಿಂಗ್ ರಸೀದಿ ಸಿಕ್ಕಿತು. ಆ ಮನುಷ್ಯ ವೇದಿಕೆ ಮೇಲೆ ಹಾಕ್ತಾ ಇದ್ದದ್ದು ಹೊಳೆಯುವ ಕಲ್ಲುಗಳನ್ನು ಕೂರಿಸಿದ ದುಬಾರಿ ಸೂಟುಗಳು. ಒಬ್ಬ ಸ್ಟಾರ್‌ನ ಮಿಂಚುವ ಸೂಟು ತೊಳೆಸಿದ ರಸೀದಿಯ ಹಿಂಭಾಗದಲ್ಲಿ ಒಬ್ಬ ಬಡ ತಾಯಿ ಹೊಲಿದ ತೇಪೆ ಕೋಟಿನ ಹಾಡು ಹುಟ್ಟಿತು. ಆ ಸೂಟುಗಳ ಲೆಕ್ಕ ಇವತ್ತು ಯಾರು ಇಟ್ಟಿದ್ದಾರೆ? ಆ ಕೋಟನ್ನು ಮಾತ್ರ ಜಗತ್ತು ಮರೆತಿಲ್ಲ. 2011ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಶಾಶ್ವತವಾಗಿ ಉಳಿಸಿಕೊಳ್ಳಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಇದನ್ನು ಸೇರಿಸಿತು. 2015ರಲ್ಲಿ ಅದೇ ಹೆಸರಿನಲ್ಲಿ ಟಿವಿ ಸಿನಿಮಾ ಬಂತು. 50 ವರ್ಷ ದಾಟಿದರೂ ಜನ ಇನ್ನೂ ಕೇಳ್ತಾರೆ.

ಯಾಕೆ? ನಾನು ಇದನ್ನೇ ಯೋಚನೆ ಮಾಡ್ತಾ ಇದ್ದೆ. ತೇಪೆ ಕೋಟು ಹಾಕಿದವರು ಎಷ್ಟು ಜನ ಇರಬಹುದು? ಆದರೆ ನಾಚಿಕೆ ಪಟ್ಟವರು ಎಷ್ಟು ಜನ? ಎಲ್ಲರೂ. ಈ ಹಾಡು ನಮ್ಮೆಲ್ಲರ ನಾಚಿಕೆಯ ಬಾಗಿಲು ತಟ್ಟುತ್ತೆ. ಪಕ್ಕದವರಿಗೆ ಹೇಳಿ: "ನನಗೂ ಒಂದು ಕೋಟಿದೆ." ಹೇಳಿದ್ರಾ? ದೇವರಿಗೆ ಸ್ತೋತ್ರ.

ಈಗ ಮೂರು ವಿಷಯ ನೋಡೋಣ.

ಮೊದಲನೆಯದು: ಕೋಟಿಗೆ ಒಂದು ಒಳಪದರ ಇತ್ತು

ಮೇಲ್ಗಡೆ ಕಾಣುತ್ತಿದ್ದದ್ದು ಚಿಂದಿ. ಒಳಗೆ ಏನಿತ್ತು? ವಾಕ್ಯ ಇತ್ತು. ಏವಿ ಲೀ ಬರೀ ಕೋಟು ಹೊಲಿದು ಕೊಟ್ಟಿದ್ದರೆ ಅದು ಚಳಿಗೆ ಒಂದು ಬಟ್ಟೆ ಆಗಿರ್ತಿತ್ತು ಅಷ್ಟೇ. ಅವಳು ಒಂದೊಂದು ಹೊಲಿಗೆಗೂ ಸತ್ಯವೇದದ ಕಥೆ ಸೇರಿಸಿ ಹೊಲಿದಳು. ಧರ್ಮೋಪದೇಶಕಾಂಡ 6ನೇ ಅಧ್ಯಾಯದಲ್ಲಿ ದೇವರು ಇಸ್ರಾಯೇಲ್ಯರಿಗೆ ಏನು ಹೇಳಿದನು? ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ನನ್ನ ಮಾತುಗಳನ್ನು ಹೇಳಿಕೊಡಿ ಅಂತ. ಅದಕ್ಕೆ ಪ್ರೊಜೆಕ್ಟರ್ ಬೇಕಾಗಿಲ್ಲ. ಸೂಜಿ ಹಿಡಿದ ಕೈ ಸಾಕು.

ಸತ್ಯವೇದದಲ್ಲಿ ಇಂಥ ಇನ್ನೊಬ್ಬ ತಾಯಿ ಇದ್ದಾಳೆ. 1 ಸಮುವೇಲ 2:19. ಹನ್ನಳು ಪ್ರತಿವರ್ಷ ಒಂದು ಚಿಕ್ಕ ಮೇಲಂಗಿ ಮಾಡಿ ದೇವಾಲಯದಲ್ಲಿದ್ದ ಸಮುವೇಲನಿಗೆ ತಗೊಂಡು ಹೋಗ್ತಿದ್ದಳು. ಸ್ವಲ್ಪ ಯೋಚಿಸಿ. ಮಗ ಕಣ್ಣ ಮುಂದೆ ಇಲ್ಲ. ಎಷ್ಟು ಎತ್ತರ ಆಗಿರಬಹುದು, ಭುಜ ಎಷ್ಟು ಅಗಲ ಆಗಿರಬಹುದು, ಎಲ್ಲಾ ಊಹೆ. ವರ್ಷಪೂರ್ತಿ ಆ ಬಟ್ಟೆ ಹಿಡಿದು ಅವಳು ಮಗನ ಬಗ್ಗೆ ಯೋಚಿಸಿದ್ದಾಳೆ, ಪ್ರಾರ್ಥಿಸಿದ್ದಾಳೆ. ನೀವು ಈ ಊರಿಗೆ ಬರುವಾಗ ನಿಮ್ಮ ಬ್ಯಾಗಲ್ಲಿ ಅಮ್ಮ ಏನಿಟ್ಟರು? ಚಟ್ನಿಪುಡಿ, ಉಪ್ಪಿನಕಾಯಿ, ಒಂದು ಹಳೇ ಸ್ವೆಟರ್, ಮೂಲೆ ಮಡಚಿದ ಒಂದು ಬೈಬಲ್. ಅದೆಲ್ಲ ಹನ್ನಳ ಮೇಲಂಗಿಯೇ.

ಎರಡನೆಯದು: ಕೋಟು ಹಾಕಿಕೊಂಡವರು ಗುಂಡಿಗೆ ಹೋಗ್ತಾರೆ

ಇದನ್ನು ಸಂಡೇ ಸ್ಕೂಲಲ್ಲಿ ಬೇಗ ದಾಟಿಬಿಡ್ತೀವಿ. ಯೋಸೇಫನ ಅಂಗಿಗೆ ಇಬ್ರಿಯ ಭಾಷೆಯಲ್ಲಿ 'ಕೆತೋನೆತ್ ಪಸ್ಸೀಮ್' ಅಂತಾರೆ. ಅದರ ನಿಜವಾದ ಅರ್ಥದ ಬಗ್ಗೆ ಪಂಡಿತರಲ್ಲಿ ಒಮ್ಮತ ಇಲ್ಲ. ಉದ್ದ ತೋಳಿನ ನಿಲುವಂಗಿ ಅಂತ ಕೆಲವರು, ಅಲಂಕಾರದ ಅಂಗಿ ಅಂತ ಕೆಲವರು. ಬಣ್ಣಬಣ್ಣದ್ದು ಅನ್ನೋದು ಹಳೇ ಗ್ರೀಕ್ ಅನುವಾದದಿಂದ ಬಂದದ್ದು. ಒಂದಂತೂ ಖಚಿತ: ಆ ಅಂಗಿ ಅವನನ್ನು ಅಣ್ಣಂದಿರಿಂದ ಬೇರೆ ಮಾಡಿತು. ಯಾಕೋಬನು ಪ್ರೀತಿಯಿಂದಲೇ ಕೊಟ್ಟ, ಆದರೆ ಒಬ್ಬನಿಗೆ ಮಾತ್ರ ಕೊಟ್ಟ. ತಂದೆಯ ಪಕ್ಷಪಾತ ಮಕ್ಕಳ ನಡುವೆ ಹಗೆ ಬಿತ್ತಿತು.

ಡಾಲಿಯ ಕಥೆಯಲ್ಲಿ ಇದು ತಿರುಗುಮುರುಗು. ಯೋಸೇಫನ ಅಂಗಿ ಬೆಲೆಯುಳ್ಳದ್ದಾಗಿತ್ತು, ಅದಕ್ಕೆ ಹೊಟ್ಟೆಕಿಚ್ಚು. ಇವಳ ಕೋಟು ಬೆಲೆ ಇಲ್ಲದ್ದು, ಅದಕ್ಕೆ ಗೇಲಿ. ಲೋಕಕ್ಕೆ ಎರಡೂ ಆಗೋದಿಲ್ಲ ನೋಡಿ. ನೀನು ಚೆನ್ನಾಗಿದ್ದರೆ ಕಣ್ಣು ಹಾಕುತ್ತೆ, ಇಲ್ಲದಿದ್ದರೆ ನಗುತ್ತೆ.

ಹಾಡಿನಲ್ಲಿ ಇಲ್ಲದ ಒಂದು ವಿಷಯವನ್ನು ಆಕೆ ಮುಂದೆ ಒಂದು ಸಂದರ್ಶನದಲ್ಲಿ ಹೇಳಿಕೊಂಡರು. ಶಾಲೆಯಲ್ಲಿ ಮಕ್ಕಳು ನಕ್ಕು ಸುಮ್ಮನಾಗಲಿಲ್ಲ. ಕೋಟು ಬಿಚ್ಚಿಸೋಕೆ ಎಳೆದಾಡಿದರು. ಗುಂಡಿಗಳು ಕಿತ್ತವು. ಒಳಗೆ ಹಾಕಿಕೊಳ್ಳಲು ಬೇರೆ ಅಂಗಿ ಇರಲಿಲ್ಲ, ಅದಕ್ಕೇ ಆ ಮಗು ಕೋಟನ್ನು ಗಟ್ಟಿಯಾಗಿ ಹಿಡ್ಕೊಂಡಿತ್ತು. ಆಮೇಲೆ ಬಟ್ಟೆ ನೇತುಹಾಕುವ ಕತ್ತಲೆ ಕೋಣೆಗೆ ದೂಡಿ ಬಾಗಿಲು ಹಿಡಿದರು.

ಆದಿಕಾಂಡ 37:23, 24 ಮತ್ತೆ ನೋಡಿ. ಅಂಗಿ ಕಿತ್ತುಕೊಂಡರು, ಆಮೇಲೆ ಗುಂಡಿಗೆ ಹಾಕಿದರು. ಅದೇ ಕ್ರಮ! ಆ ಪುಟ್ಟ ಹುಡುಗಿಗೆ ಅಮ್ಮ ಕಥೆಯ ಮೊದಲನೇ ಭಾಗ ಹೇಳಿ ಕಳಿಸಿದ್ದಳು. ಎರಡನೇ ಭಾಗ ಅವಳಿಗೆ ಶಾಲೆಯಲ್ಲಿ ಸಿಕ್ಕಿತು.

ಪ್ರಿಯರೇ, ಇಲ್ಲಿ ನಾನು ಒಂದು ಮಾತು ಸತ್ಯವಾಗಿ ಹೇಳಬೇಕು. ನಾವು ಬೋಧಕರು ಕೆಲವೊಮ್ಮೆ ನಿಮಗೆ ಮೊದಲನೇ ಭಾಗ ಮಾತ್ರ ಹೇಳಿ ಕಳಿಸಿದ್ದೀವಿ. ನೀನು ದೇವರ ಮಗಳು, ನೀನು ತಲೆಯೇ ಹೊರತು ಬಾಲವಲ್ಲ, ನಿನಗೆ ಪ್ರಮೋಷನ್ ಬರುತ್ತೆ, ಕಾರು ಬರುತ್ತೆ. ನೀವು "ಆಮೆನ್" ಅಂತ ಕೂಗಿ ಸೋಮವಾರ ಆಫೀಸಿಗೆ ಹೋಗ್ತೀರಿ. ಅಲ್ಲಿ ನಿಮ್ಮ ಇಂಗ್ಲಿಷ್ ಉಚ್ಚಾರಣೆಗೆ ನಗ್ತಾರೆ. ಊರು ಯಾವುದು ಅಂತ ಕೇಳಿ ಹುಬ್ಬೇರಿಸ್ತಾರೆ. ಭಾನುವಾರ ಪಾರ್ಟಿಗೆ ಯಾಕೆ ಬರಲ್ಲ ಅಂತ ಕಿಚಾಯಿಸ್ತಾರೆ. ಆಗ ನಿಮಗನಿಸುತ್ತೆ, ನನ್ನ ನಂಬಿಕೆಯಲ್ಲೇ ಏನೋ ಕೊರತೆ ಇದೆ ಅಂತ. ಇಲ್ಲ! ಯೋಸೇಫನ ನಂಬಿಕೆಯಲ್ಲಿ ಕೊರತೆ ಇರಲಿಲ್ಲ. 17ನೇ ವಯಸ್ಸಿನಲ್ಲಿ ಕಥೆ ಶುರುವಾಯಿತು, ಫರೋಹನ ಮುಂದೆ ನಿಂತಾಗ 30 ವರ್ಷ. ನಡುವಿನ ಅಷ್ಟು ವರ್ಷವೂ ಕರ್ತನು ಅವನ ಸಂಗಡ ಇದ್ದನು ಅಂತ ವಾಕ್ಯ ಸಾಕ್ಷಿ ಕೊಡುತ್ತೆ. ಗುಂಡಿಯಲ್ಲಿರೋದು ಕೈಬಿಡಲ್ಪಟ್ಟಿದ್ದಕ್ಕೆ ಗುರುತಲ್ಲ. ಆಮೆನ್ ಹೇಳ್ರಿ!

ಇನ್ನೂ ಒಂದು ಸೂಕ್ಷ್ಮವಾದ ಮಾತು. ಅದೇ ಹೆಸರಿನ ನಿಲುವಂಗಿ ಸತ್ಯವೇದದಲ್ಲಿ ಇನ್ನೊಬ್ಬಳ ಮೈಮೇಲೆ ಮಾತ್ರ ಬರುತ್ತೆ. 2 ಸಮುವೇಲ 13:18. ದಾವೀದನ ಮಗಳು ತಾಮಾರಳು. ಅಣ್ಣನೇ ಅವಳನ್ನು ಕೆಡಿಸಿದ. ಅವಳು ಆ ಅಂಗಿಯನ್ನು ಹರಿದುಕೊಂಡು, ತಲೆ ಮೇಲೆ ಕೈ ಇಟ್ಟುಕೊಂಡು, ಅಳುತ್ತಾ ಹೋದಳು. ಈ ಅಂಗಿ ಹಾಕಿಕೊಂಡ ಇಬ್ಬರಿಗೂ ಕೇಡು ಮಾಡಿದವರು ಒಡಹುಟ್ಟಿದವರೇ. ಇದು ಇಲ್ಲಿರುವ ಕೆಲವರಿಗೆ ಬರೀ ಕಥೆ ಅಲ್ಲ ಅಂತ ನನಗೆ ಗೊತ್ತು. ನಿಮಗೆ ನಾನು ಹೇಳೋದಿಷ್ಟು: ನಾಚಿಕೆ ನಿಮ್ಮದಲ್ಲ, ಹರಿದವನದ್ದು. ಕೂಟ ಮುಗಿದ ಮೇಲೆ ಸಹೋದರಿಯರ ಜೊತೆ ಮಾತಾಡಿ. ಯಾರೂ ನಿಮ್ಮನ್ನು "ಕ್ಷಮಿಸಿ ಸುಮ್ಮನಿರು" ಅಂತ ಅವಸರ ಮಾಡೋದಿಲ್ಲ.

ಮೂರನೆಯದು: ಬಡತನದ ಬಗ್ಗೆ ಹಾಡು ಹೇಳೋದು ಎಷ್ಟು ಸತ್ಯ?

ಹಾಡಿನ ಕೊನೆಯಲ್ಲಿ ಒಂದು ಪಾಠ ಇದೆ. ದುಡ್ಡಿಲ್ಲದಿದ್ದರೂ ನಾವು ಶ್ರೀಮಂತರಾಗೇ ಇದ್ವಿ, ಬಡವರಾಗೋದು ಬಿಡೋದು ನಮ್ಮ ನೋಟದಲ್ಲಿದೆ ಅನ್ನುವ ಅರ್ಥದ ಪಾಠ. ಜನ ಇದನ್ನೇ ಸ್ಟೇಟಸ್ ಹಾಕ್ತಾರೆ. ಇದನ್ನು ಸ್ವಲ್ಪ ತೂಕ ಮಾಡಿ ನೋಡೋಣ.

ಒಂದು ಕಡೆ ಇದು ಸತ್ಯ. ನಿಮ್ಮ ಜೊತೆ ಕೆಲಸ ಮಾಡುವವರಲ್ಲಿ ಎರಡು ಲಕ್ಷ ಸಂಬಳ ತಗೊಂಡು ದರಿದ್ರರ ಹಾಗೆ ಬದುಕೋರಿದ್ದಾರೆ. ಪಕ್ಕದವನ ಫೋನ್ ನೋಡಿ ಹೊಟ್ಟೆ ಉರಿ, ತಾನು ತಗೊಂಡ ಫೋನಿನ ಇಎಂಐ ನೋಡಿ ತಲೆನೋವು. ಪ್ರೀತಿ ಇಲ್ಲದ ಮನೆಯಲ್ಲಿ ಬೀರು ತುಂಬ ಬಟ್ಟೆ ಇದ್ದರೂ ಚಳಿಯೇ.

ಆದರೆ ಇನ್ನೊಂದು ಕಡೆ ಇದೆ. ಮಗಳು ಈ ಮಾತು ಹೇಳಬಹುದು, ಯಾಕಂದ್ರೆ ಆ ಕೋಟು ಹಾಕಿದವಳು ಅವಳು. ಹಸಿದವನು ತನ್ನ ಬಾಯಿಂದ "ದೇವರಿದ್ದಾನೆ, ನಾನು ಬಡವನಲ್ಲ" ಅಂದರೆ ಅದು ಸಾಕ್ಷಿ. ಹೊಟ್ಟೆ ತುಂಬಿದವನು ಹಸಿದವನಿಗೆ "ಬಡತನ ನಿನ್ನ ಮನಸ್ಸಿನಲ್ಲಿದೆ ಬ್ರದರ್" ಅಂದರೆ ಅದು ಕ್ರೂರತನ. ಯಾಕೋಬನು ತನ್ನ ಪತ್ರಿಕೆಯ 2:15, 16ರಲ್ಲಿ ಇದನ್ನೇ ಖಂಡಿಸ್ತಾನೆ: ಬಟ್ಟೆ ಇಲ್ಲದ ಸಹೋದರನಿಗೆ ಬೆಚ್ಚಗಿರು ಅಂತ ಬಾಯಲ್ಲಿ ಹೇಳಿ ಬರೀ ಕೈಯಲ್ಲಿ ಕಳಿಸಿದರೆ ಏನು ಪ್ರಯೋಜನ? ಏವಿ ಲೀ ಮಗಳಿಗೆ ಬರೀ ಕಥೆ ಹೇಳಲಿಲ್ಲ. ಕೋಟೂ ಹೊಲಿದಳು. ಬರೀ ಕೋಟು ಕೊಡಲಿಲ್ಲ, ಕಥೆಯನ್ನೂ ಹೇಳಿದಳು. ಸಭೆಗೆ ಎರಡೂ ಕೈ ಬೇಕು.

ಡಾಲಿಯೂ ಬೆಳೆದ ಮೇಲೆ "ಬಡತನ ಮನಸ್ಸಿನಲ್ಲಿದೆ" ಅಂತ ಕೈಕಟ್ಟಿ ಕೂರಲಿಲ್ಲ. ಅಪ್ಪನಿಗೆ ಓದು ಬರ್ತಿರಲಿಲ್ಲ ಅಂದೆನಲ್ಲ. ಅದನ್ನೇ ನೆನಪಲ್ಲಿಟ್ಟು 1995ರಲ್ಲಿ ತನ್ನ ಸೆವಿಯರ್ ಕೌಂಟಿಯಲ್ಲೇ 'ಇಮ್ಯಾಜಿನೇಶನ್ ಲೈಬ್ರರಿ' ಶುರುಮಾಡಿದರು. ಹುಟ್ಟಿದಾಗಿನಿಂದ ಐದು ವರ್ಷದವರೆಗೆ ಮಗುವಿನ ಮನೆಗೆ ಪ್ರತಿ ತಿಂಗಳು ಒಂದು ಪುಸ್ತಕ, ಉಚಿತವಾಗಿ. ಇಲ್ಲಿಯವರೆಗೆ 20 ಕೋಟಿಗೂ ಹೆಚ್ಚು ಪುಸ್ತಕಗಳು ಹೋಗಿವೆ. ಅಪ್ಪನ ನಾಚಿಕೆ ಯಾವುದಿತ್ತೋ, ಅದೇ ಜಾಗದಿಂದ ಮಕ್ಕಳಿಗೆ ಉಡುಗೊರೆ ಹೊರಟಿತು.

ಈಗ ನನ್ನ ಕೋಟಿನ ವಿಷಯ

ನಾನು ಗದಗ ಕಡೆಯವನು. ನಮ್ಮ ಕಡೆ ಕೋಟು ಹೊಲಿಯೋದಿಲ್ಲ, ಕೌದಿ ಹೊಲಿತಾರೆ. ಉತ್ತರ ಕರ್ನಾಟಕದವರು ಯಾರಿದ್ದೀರಿ? ಕೈ ಎತ್ತಿ. ಆಹಾ! ಗೊತ್ತಿಲ್ಲದವರಿಗೆ ಹೇಳ್ತೀನಿ. ಹಳೇ ಸೀರೆ, ಹಳೇ ಧೋತರ, ಹರಿದ ಲಂಗ, ಎಲ್ಲಾ ತುಂಡು ಮಾಡಿ, ಪದರ ಪದರವಾಗಿ ಇಟ್ಟು, ಕೈಯಲ್ಲೇ ಸಾಲು ಸಾಲು ಹೊಲಿಗೆ ಹಾಕಿ ಮಾಡುವ ಹೊದಿಕೆ. ಒಂದು ಕೌದಿ ಮುಗಿಯೋಕೆ ತಿಂಗಳುಗಟ್ಟಲೆ ಬೇಕು.

ನಾನು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬರುವಾಗ ಅವ್ವ ಒಂದು ಕೌದಿ ಕಟ್ಟಿ ಕೊಟ್ಟಳು. ಅದರಲ್ಲಿ ಅವಳ ಮದುವೆಯ ಸೀರೆಯ ತುಂಡಿತ್ತು. ತೀರಿಹೋದ ನಮ್ಮಪ್ಪನ ಧೋತರದ ತುಂಡಿತ್ತು. ಪಿಜಿಯಲ್ಲಿ ನಾಲ್ಕು ಜನ ಒಂದೇ ರೂಮು. ಉಳಿದ ಮೂವರಿಗೂ ಅಂಗಡಿಯಿಂದ ತಂದ ಮೆತ್ತನೆಯ ಬ್ಲಾಂಕೆಟ್. ನಾನು ಕೌದಿ ಬಿಚ್ಚಿದ ಮೊದಲನೇ ರಾತ್ರಿಯೇ ಒಬ್ಬ ಮೂಗು ಮುಚ್ಚಿಕೊಂಡು ಕೇಳಿದ, "ಏನೋ ಇದು, ಭಿಕ್ಷುಕರ ಹತ್ರ ತಗೊಂಡ್ಯಾ?" ಎಲ್ಲರೂ ನಕ್ಕರು.

ನಾನೇನು ಮಾಡಿದೆ ಗೊತ್ತಾ? ಆ ಹುಡುಗಿಯ ಹಾಗೆ ಕಥೆ ಹೇಳಲಿಲ್ಲ. ನಾನೂ ನಕ್ಕೆ. "ಗೊತ್ತಿಲ್ಲ ಮಗಾ, ಬಸ್ಸಲ್ಲಿ ಯಾರದ್ದೋ ಗಂಟು ಬದಲಾಗಿರಬೇಕು" ಅಂದೆ. ಮಾರನೇ ದಿನ ಅದನ್ನು ತಗೊಂಡು ಹೋಗಿ ಗೇಟಿನ ವಾಚ್‌ಮನ್‌ಗೆ ಕೊಟ್ಟುಬಿಟ್ಟೆ. ಸಂಬಳ ಬಂದ ಮೇಲೆ ಕಂತಿನಲ್ಲಿ ಒಂದು ಬ್ಲಾಂಕೆಟ್ ತಗೊಂಡೆ.

ಆರು ತಿಂಗಳ ಮೇಲೆ ಅವ್ವ ನನ್ನನ್ನು ನೋಡೋಕೆ ಬಂದಳು. ರಾತ್ರಿ ಬಸ್ಸಿಗೆ ಹೊರಟು ಬೆಳಗಿನ ಜಾವ ಪಿಜಿ ಗೇಟಿಗೆ ಬಂದಿಳಿದಳು. ಗೇಟಿನ ಪಕ್ಕ ವಾಚ್‌ಮನ್ ಕುರ್ಚಿಯಲ್ಲಿ ಮಲಗಿದ್ದ. ಮೈಮೇಲೆ ಆ ಕೌದಿ.

[ಮೌನ]

ನಾನು ಕೆಳಗೆ ಇಳಿದು ಬಂದಾಗ ಅವ್ವ ಅಲ್ಲೇ ನಿಂತಿದ್ದಳು. ಕೌದಿ ನೋಡಿದಳು, ನನ್ನನ್ನು ನೋಡಿದಳು. ಏನೂ ಕೇಳಲಿಲ್ಲ. "ಉಂಡಿಯೇನೋ ತಮ್ಮಾ?" ಅಂದಳು, ಅಷ್ಟೇ. ಬೆಳಗಿನ ಐದು ಗಂಟೆಗೆ! ರೊಟ್ಟಿ ಗಂಟು ನನ್ನ ಕೈಗಿಟ್ಟಳು. ಆ ದಿನ ಪೂರ್ತಿ ನಾನು ಆ ವಿಷಯ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಎರಡು ವರ್ಷ ಕಳೆದ ಮೇಲೆ ಕರ್ತನು ನನ್ನನ್ನು ಹಿಡಿದನು. ದೀಕ್ಷಾಸ್ನಾನಕ್ಕೆ ಹೆಸರು ಕೊಟ್ಟೆ. ಅದರ ಹಿಂದಿನ ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿದರೆ ಬೇರೆ ಯಾವ ಪಾಪವೂ ನೆನಪಿಗೆ ಬರ್ತಿಲ್ಲ. ಆ ಕೌದಿಯೇ ಕಣ್ಣ ಮುಂದೆ. ಪವಿತ್ರಾತ್ಮನು ಬಿಡಲೇ ಇಲ್ಲ. ಫೋನ್ ಮಾಡಿದೆ. "ಅವ್ವಾ, ಆ ಕೌದಿ ನಾನೇ ಕೊಟ್ಟುಬಿಟ್ಟಿದ್ದೆ. ನನಗೆ ನಾಚಿಕೆ ಆಗಿತ್ತು" ಅಂತ ಅತ್ತುಬಿಟ್ಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು, "ನನಗ ಅವತ್ತೇ ಗೊತ್ತಾತು ಬಿಡೋ. ಆ ಮುದುಕ ಬೆಚ್ಚಗ ಮಲಗಿದ್ನಲ್ಲ, ಅಷ್ಟು ಸಾಕು. ನಿನಗ ಇನ್ನೊಂದು ಹೊಲ್ದಿಟ್ಟೀನಿ. ಬೇಕಾದಾಗ ಕೇಳ್ತಿ ಅಂತ ಇಟ್ಟೀನಿ."

ಕೇಳಿದ್ರಾ? ನಾನು ನಾಚಿಕೊಂಡು ಎಸೆದ ಮೇಲೆ ಅವಳು ಇನ್ನೊಂದು ಹೊಲಿದಳು. ನಾನು ಕೇಳುವ ಮೊದಲೇ ಅದು ಸಿದ್ಧವಾಗಿತ್ತು. ಕೃಪೆ ಅಂದರೆ ಏನು ಅಂತ ನಾನು ಯಾವ ಬೈಬಲ್ ಕಾಲೇಜಿನಲ್ಲೂ ಅಷ್ಟು ಚೆನ್ನಾಗಿ ಕಲಿಯಲಿಲ್ಲ. ಸ್ತೋತ್ರ! ಸ್ತೋತ್ರ!

ನಾಚಿಕೆಪಡದ ಕರ್ತನು

ಈಗ ಇಬ್ರಿಯರಿಗೆ 2:11ಕ್ಕೆ ಬನ್ನಿ. ಯೇಸು ನಮ್ಮನ್ನು ಸಹೋದರರೆಂದು ಕರೆಯಲು ನಾಚಿಕೊಳ್ಳುವುದಿಲ್ಲ ಅನ್ನುವುದು ಆ ವಾಕ್ಯದ ಸಾರ. ನಿಧಾನವಾಗಿ ಒಳಗೆ ಇಳಿಸಿಕೊಳ್ಳಿ. ನಾನು ನನ್ನ ತಾಯಿಯ ಬಗ್ಗೆ ನಾಚಿಕೊಂಡೆ. ನನ್ನ ಬಗ್ಗೆ ನಾಚಿಕೊಳ್ಳಲು ಆತನಿಗೆ ಎಲ್ಲಾ ಕಾರಣ ಇತ್ತು. ಆದರೂ ದೂತರ ಮುಂದೆ, ತಂದೆಯ ಮುಂದೆ, "ಇವನು ನನ್ನವನು" ಅಂತಾನೆ. "ಬಸ್ಸಲ್ಲಿ ಯಾರದ್ದೋ ಗಂಟು ಬದಲಾಗಿದೆ" ಅನ್ನೋದಿಲ್ಲ.

ಆತನಿಗೂ ಒಂದು ಅಂಗಿ ಇತ್ತು. ಯೋಹಾನ 19:23. ಮೇಲಿನಿಂದ ಕೆಳಗಿನವರೆಗೆ ಹೊಲಿಗೆಯೇ ಇಲ್ಲದೆ ನೇಯ್ದ ಅಂಗಿ. ಸಿಪಾಯಿಗಳು ಅದನ್ನು ಕಿತ್ತುಕೊಂಡು ಚೀಟಿ ಹಾಕಿದರು. ಯೋಸೇಫನ ಅಂಗಿ ಕಿತ್ತರು, ಆ ಟೆನ್ನೆಸ್ಸೀ ಹುಡುಗಿಯ ಕೋಟು ಎಳೆದರು, ದೇವಕುಮಾರನ ಅಂಗಿಯನ್ನೂ ಕಿತ್ತರು. ನಮಗೆ ನೀತಿಯ ವಸ್ತ್ರ ಹೊದಿಸಲಿಕ್ಕೆ ಆತನು ಬೆತ್ತಲಾಗಿ ನಾಚಿಕೆಯನ್ನು ಹೊತ್ತನು. ಹಲ್ಲೆಲೂಯಾ!

ಯೋಸೇಫನ ಕಥೆಯ ಕೊನೆ ಗೊತ್ತಲ್ಲ? ಆದಿಕಾಂಡ 45:22. ಗೋದಾಮಿನ ಬೀಗದ ಕೈ ಇವನ ಬಳಿ. ಎದುರಿಗೆ ನಿಂತವರು ಅಂಗಿ ಕಿತ್ತವರು. ಅವನು ಏನು ಕೊಟ್ಟ? ಒಬ್ಬೊಬ್ಬರಿಗೂ ಹೊಸ ಬಟ್ಟೆ ಕೊಟ್ಟ! ತಮ್ಮ ಬೆನ್ಯಾಮೀನನಿಗೆ ಐದು ಜೊತೆ. ಬಟ್ಟೆ ಕಿತ್ತುಕೊಂಡವರಿಗೇ ಬಟ್ಟೆ. ಅದಕ್ಕೂ ಮೊದಲು ಅವರನ್ನು ಚೆನ್ನಾಗಿ ಪರೀಕ್ಷೆ ಮಾಡಿದ, ಅವರ ಮನಸ್ಸು ಬದಲಾಗಿದೆಯಾ ಅಂತ ನೋಡಿದ, ಅದೂ ಸತ್ಯ. ಆದರೆ ಕೊನೆಗೆ ಅವನ ಕೈಯಿಂದ ಹೊರಟದ್ದು ಸೇಡಲ್ಲ, ಬಟ್ಟೆ.

ಈ ವಾರಕ್ಕೆ ಮೂರು ಕೆಲಸ ಕೊಡ್ತೀನಿ. ಬರ್ಕೊಳ್ಳಿ.

ಒಂದು: ಇವತ್ತು ಊಟಕ್ಕೆ ಮೊದಲು ಮನೆಗೆ ಫೋನ್ ಮಾಡಿ. ನೀವು ಯಾವುದರ ಬಗ್ಗೆ ನಾಚಿಕೊಂಡಿದ್ರೋ, ಅಪ್ಪನ ಆಟೋ, ಅಮ್ಮನ ಗಾರ್ಮೆಂಟ್ಸ್ ಕೆಲಸ, ನಿಮ್ಮೂರಿನ ಭಾಷೆ, ಅದಕ್ಕೇ "ಥ್ಯಾಂಕ್ಸ್" ಹೇಳಿ. ತಾಮಾರಳ ಹಾಗೆ ಮನೆಯಲ್ಲೇ ಪೆಟ್ಟು ತಿಂದವರಿಗೆ ಈ ಮಾತು ಅನ್ವಯಿಸೋದಿಲ್ಲ. ನೀವು ಸಭೆಯ ಅಮ್ಮಂದಿರಲ್ಲಿ ಒಬ್ಬರಿಗೆ ಫೋನ್ ಮಾಡಿ.

ಎರಡು: ನಿಮ್ಮ ಪಿಜಿಯಲ್ಲಿ, ಟೀಮಿನಲ್ಲಿ ಈಗ ತಾನೇ ಊರಿಂದ ಬಂದವರು ಯಾರಾದರೂ ಇರ್ತಾರೆ. ಎಲ್ಲರೂ ನಗುವಾಗ ನೀವು ನಗಬೇಡಿ. ಆ ರಾತ್ರಿ ನನ್ನ ರೂಮಲ್ಲಿ ಒಬ್ಬನೇ ಒಬ್ಬ "ಚೆನ್ನಾಗಿದೆಯಲ್ಲೋ, ಯಾರು ಹೊಲಿದ್ರು?" ಅಂತ ಕೇಳಿದ್ದರೆ ಸಾಕಾಗಿತ್ತು, ನಾನು ಸುಳ್ಳು ಹೇಳ್ತಿರಲಿಲ್ಲ.

ಮೂರು: ಚಳಿಗಾಲ ಬರ್ತಿದೆ. ನಿಮ್ಮ ಗೇಟಿನ ವಾಚ್‌ಮನ್‌ಗೆ ಹೊದಿಕೆ ಇದೆಯಾ ನೋಡಿ. ಇಲ್ಲದಿದ್ದರೆ ಕೊಡಿ. ಹಳೇದಲ್ಲ, ಹೊಸದು.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ಕೀಬೋರ್ಡ್ ನಿಧಾನವಾಗಿ ನುಡಿಸಿ ಬ್ರದರ್.

ಯಾರಾದರೂ ಎಷ್ಟೋ ವರ್ಷದಿಂದ ಒಂದು ನಾಚಿಕೆಯನ್ನು ಒಳಗೇ ಬಚ್ಚಿಟ್ಟಿದ್ದೀರಾ? ಬಣ್ಣ, ಜಾತಿ, ಮನೆ, ಮಾರ್ಕ್ಸು, ಯಾರೋ ಹಾಕಿದ ಹೆಸರು? ಹಾಗೇ ಬನ್ನಿ. ಮುಂದೆ ಬನ್ನಿ, ಹಿರಿಯರು ನಿಮ್ಮೊಂದಿಗೆ ಪ್ರಾರ್ಥಿಸ್ತಾರೆ.

ಪ್ರೀತಿಯುಳ್ಳ ತಂದೆಯೇ, ನಿನಗೆ ಸ್ತೋತ್ರ. ನಾವು ಕೇಳುವ ಮೊದಲೇ ನಮಗಾಗಿ ವಸ್ತ್ರವನ್ನು ಸಿದ್ಧಮಾಡಿದ ದೇವರೇ, ನಿನಗೆ ಸ್ತೋತ್ರ. ನಮಗೆ ಹೊದಿಸಿದವರನ್ನು ನಾವು ಮರೆಮಾಡಿದ್ದೇವೆ, ಕ್ಷಮಿಸು. ಗುಂಡಿಯಲ್ಲಿರುವ ನಿನ್ನ ಮಕ್ಕಳ ಸಂಗಡ ಇರು. ಹರಿದವರಿಂದ ಗಾಯಗೊಂಡವರನ್ನು ನಿನ್ನ ಕೈಯಿಂದಲೇ ಮುಟ್ಟು. ಈ ಊರಿನಲ್ಲಿ ಚಳಿಯಲ್ಲಿ ಮಲಗುವವರಿಗೆ ನಮ್ಮ ಕೈಯಿಂದ ಹೊದಿಕೆ ಸಿಗಲಿ. ನಮ್ಮ ಬಗ್ಗೆ ನಾಚಿಕೊಳ್ಳದ ಯೇಸುವಿನ ನಾಮದಲ್ಲಿ ಬೇಡುತ್ತೇವೆ, ನಮ್ಮ ಜೀವವುಳ್ಳ ಒಳ್ಳೆಯ ತಂದೆಯೇ. ಆಮೆನ್.

ಕರ್ತನು ನಿಮ್ಮನ್ನು ಆಶೀರ್ವದಿಸಲಿ. ಹೋಗುವ ಮೊದಲು ಫೋನ್ ಮಾಡೋದು ಮರೀಬೇಡಿ.